ಅಕ್ಕಾವರ ಸಾವಿರ ಖಾನೆ

ನಮ್ಮ ಅಕ್ಕಾವರ ಬಲಗಿವಿ ಎಡಗಿವಿಗಿಂತ ಚಪ್ಪಟೆಯಾಗಿತ್ತು. ನಂಬುವುದಿಲ್ಲವೇ? ತಾಕತ್ತಿದ್ದರೆ ನಂಬದೆ ಇದ್ದು ನೋಡಿ! ನಾಗಪುರದ ನಮ್ಮ ಸರ್ಕಾರಿ ಕಚೇರಿಯ ಟೆಲಿಫೋನ್ ಬೋರ್ಡಿನ ಮುಂದೆ ಹದಿನೆಂಟು ವರ್ಷ ಹೆಡ್‌ಫೋನ್ ಒತ್ತಿಸಿಕೊಂಡು ಕೂತ ಗುರುತು ಅದು. ಬೋರ್ಡು ಹೋಗಿ ಕಂಪ್ಯೂಟರ್ ಬಂದಾಗ ಅವರನ್ನು ನನ್ನ ವಿಭಾಗಕ್ಕೆ ಹಾಕಿದರು. ಇಬ್ಬರೂ ಧಾರವಾಡದ ಕಡೆಯವರು. ಪ್ರೋಗ್ರಾಂ ಬರೆಯುವುದರಲ್ಲಿ ಇಡೀ ವಿದರ್ಭದಲ್ಲಿ ಆಗ ನನ್ನಂಥವನಿರಲಿಲ್ಲ. ಕೀಟಲೆಯಲ್ಲಿ ಈಗಲೂ ಇಲ್ಲ. ಒಂದು ದಿನ ಅವರ ಕೀಬೋರ್ಡಿನ ಗುಂಡಿಗಳನ್ನು ಕಿತ್ತು ಅದಲುಬದಲು ಮಾಡಿಟ್ಟೆ. ಅವರು ಗುಂಡಿ ನೋಡದೆಯೇ ಇಡೀ ಪತ್ರ ಮುಗಿಸಿ, "ತಮ್ಮಾ, ನಿನ್ನ ಚಹಾದಾಗ ಉಪ್ಪು ಐತಿ, ನೋಡಿ ಕುಡಿ" ಎಂದರು. ಅಷ್ಟರಲ್ಲಿ ಅರ್ಧ ಕಪ್ಪು ಹೊಟ್ಟೆಗಿಳಿದಿತ್ತು.

ಎರಡು ಸಾವಿರದ ಇಸವಿ ದಾಟಿದ ಹೊಸತು. ಬುಟಿಬೋರಿ, ಕಳಮೇಶ್ವರದ ಶಾಖೆಗಳು ಇಂಟರ್ನೆಟ್ಟಿಗೆ ಹೋಗುತ್ತಿದ್ದುದು ಹಳೇ ಕಂಪ್ಯೂಟರಿಗೆ ಪ್ರೋಗ್ರಾಂ ತುಂಬಿ ನಾವಿಬ್ಬರೇ ಮಾಡಿದ ರೌಟರ್ ಮೂಲಕ. ಯಾರಾದರೂ ವೆಬ್‌ಸೈಟಿನ ಹೆಸರು ಕೊಟ್ಟರೆ ಅದು ಹೊರಗೆ ವಿಚಾರಿಸಿ ಅದರ ಅಂಕಿಯ ವಿಳಾಸ ತರುತ್ತಿತ್ತು; ಮತ್ತೆ ಬೇಕಾದೀತೆಂದು ಒಂದು ಪಟ್ಟಿಯಲ್ಲಿ ನೆನಪಿಟ್ಟುಕೊಳ್ಳುತ್ತಿತ್ತು. ಇನ್ನೂರು ಹೆಸರಿನ ಆ ಪಟ್ಟಿಯನ್ನು ನಾನು ಯಾರಿಗೂ ಹೇಳದೆ ಇಪ್ಪತ್ತು ಸಾವಿರಕ್ಕೆ ಹಿಗ್ಗಿಸಿದೆ. ವಾರದೊಳಗೆ ರೌಟರ್ ತುಂಬಿದ ಲಾರಿ ಘಾಟು ಹತ್ತುವಂತೆ ಏದುಸಿರು ಬಿಡತೊಡಗಿತು.

ರೌಟರಿನ ಉಸ್ತುವಾರಿ ಅಕ್ಕಾವರದು; ಸಾಹೇಬರು ಅವರ ಮೇಲೆ ಕೆಂಡವಾದರು. "ಬಾಯಿ, ಸೋಮ್ವಾರ್ ತಕ್ ಚಲಾ ಕೇ ದಿಖಾವ್!" ಸೋಮವಾರದೊಳಗೆ ಓಡಿಸಿ ತೋರಿಸಬೇಕು, ಇಲ್ಲದಿದ್ದರೆ ಹೊರಗಿನಿಂದ ಯಂತ್ರ ಬರುತ್ತದೆ, ಅಕ್ಕಾವರು ಫೈಲ್ ಸೆಕ್ಷನ್ನಿನ ಧೂಳಿಗೆ.

"ತಪ್ಪು ನಂದರೀ, ಅಕ್ಕಾರ" ಎಂದು ಸಾಹೇಬರು ಅತ್ತ ಹೋದಮೇಲೆ ನಾನು ಒಪ್ಪಿಕೊಂಡೆ.

ಅವರು ಬೈಯಲಿಲ್ಲ. "ಹೆಸರು ಹುಡುಕೋದು ಹೆಂಗ ಬರದೀಯೋ?"

"ಮ್ಯಾಲಿಂದ ಒಂದೊಂದ ನೋಡ್ಕೋತ ಬರ್ತೈತ್ರಿ."

"ಇಪ್ಪತ್ತು ಸಾವಿರಾನೂ? ಬೋರ್ಡಿನ್ಯಾಗ ನಾ ಹಂಗ ಹುಡುಕಿದ್ದರ, ಫೋನ್ ಹಚ್ಚಿದಾಂವ ರಿಟೈರ್ ಆಗಿರತಿದ್ದ! ನಾ ಅಕ್ಷರಕ್ಕೊಂದು ಗೂಡಿನಂಗ ಖಾನಿ ಮಾಡಿ ಹೆಸರಿನ ಚೀಟಿ ಇಟ್ಟಿದ್ನೆಪಾ. ನೀನೂ ಮಾಡು."

ಮಾಡಿದೆ, ಮೊದಲಕ್ಷರದ ಮೇಲೆ. ವೆಬ್‌ಸೈಟುಗಳೆಲ್ಲ ಡಬ್ಲ್ಯೂನಿಂದಲೇ ಶುರು! ಒಂದು ಖಾನೆ ಬಿರಿಯುವಷ್ಟು ತುಂಬಿತು, ಉಳಿದವು ಖಾಲಿ. ಅಕ್ಕಾವರು ಸೆರಗು ಬಾಯಿಗಿಟ್ಟು ನಕ್ಕರು. "ಈ ಊರಾಗ ಎತ್ತ ನೋಡಿದ್ರೂ ದೇಶಮುಖರ; ನನಗೂ ಅವರ ಖಾನಿ ಹಿಂಗ ತುಂಬಿ ಕಾಡಿತ್ತು. ಮೊದಲನೇದು ಒಂದ ಅಲ್ಲೋ, ಎಲ್ಲಾ ಅಕ್ಷರಕ್ಕ ಅಂಕಿ ಕೊಟ್ಟು ಕೂಡಿಸಿ ಲೆಕ್ಕಾ ಹಾಕು. ಸಾವಿರ ಖಾನಿ ಮಾಡು, ಲೆಕ್ಕಕ್ಕ ಬಂದ ಖಾನ್ಯಾಗ ಹೆಸರು ಇಡು."

ಈಗ ಖಾನೆಗೆ ಇಪ್ಪತ್ತರಷ್ಟೇ ಹೆಸರು. ಸೋಮವಾರ ಸಾಹೇಬರೇ ಫೋನ್ ಹಿಡಿದು, ಎರಡೂ ಶಾಖೆಯವರಿಗೆ ಒಟ್ಟಿಗೇ ಶುರು ಮಾಡಿ ಎಂದರು. ಮಾತು ಮುಗಿಯುವ ಮುನ್ನ ಬುಟಿಬೋರಿಯ ಗುಮಾಸ್ತ ಅತ್ತಲಿಂದ ಕಿರುಚಿದ: "ಅರೇ ಸಾಬ್, ಖುಲ್ ಗಯಾ! ಸಬ್ ಖುಲ್ ಗಯಾ!" ಎಲ್ಲ ತೆರೆಯಿತೆಂಬ ಅವನ ಕೂಗು ಇಡೀ ಕಚೇರಿಗೆ ಕೇಳಿಸಿತು. ಹೊರಗಿನ ಯಂತ್ರ ತರಿಸುವ ಕಾಗದ ಕಸದಬುಟ್ಟಿ ಸೇರಿತು. ಅಕ್ಕಾವರು ನಿವೃತ್ತಿಯಾಗುವ ತನಕ ಆ ರೌಟರಿನ ಪಕ್ಕದ ಕುರ್ಚಿಯಿಂದ ಅವರನ್ನು ಎಬ್ಬಿಸುವ ಗಂಡಸು ಹುಟ್ಟಲಿಲ್ಲ.

ಸಾಹೇಬರು ಮಾತ್ರ ಕೆಡಿಸಿದ್ದು ಯಾರೆಂದು ಕೇಳದೆ ಬಿಡಲಿಲ್ಲ. "ಪರ್ ಬಿಗಾಡಾ ಕಿಸ್‌ನೇ ಥಾ?"

"ಮೇರಾಚ್ ಗಲ್ತೀ, ಸಾಬ್" ಎಂದು ತಪ್ಪನ್ನು ತಮ್ಮ ತಲೆಗೇ ಹಾಕಿಕೊಂಡುಬಿಟ್ಟರು ಅಕ್ಕಾವರು, ನನ್ನ ಕಡೆ ತಿರುಗಿಯೂ ನೋಡದೆ.

ಅಕ್ಕಾವರು ಹೋದ ವರ್ಷ ತೀರಿಕೊಂಡರು. ಇಷ್ಟರಲ್ಲಿ ಒಂದೇ ಒಂದು ಸುಳ್ಳು ಸೇರಿಸಿದ್ದೇನೆ: ತಪ್ಪು ನನ್ನದೆಂದು ನಾನು ಒಪ್ಪಿಕೊಂಡಿರಲಿಲ್ಲ. ಅಂದೂ ಇಲ್ಲ, ಆಮೇಲೂ ಇಲ್ಲ. ಅವರಿಗೆ ಗೊತ್ತಿತ್ತು, ಒಮ್ಮೆಯೂ ಕೇಳಲಿಲ್ಲ.