ಕಮಲಮ್ಮಾಳ್ ಕಟ್ಟಿದ ಹೂಪೊಟ್ಟಣ

"ಅವ್ವಾ, ಕಮಲತ್ತೆಗೆ ಹೆರಿಗೆ ಮಾಡ್ಸೋದಂದ್ರೇನೇ ಆಸೆ. ಮತ್ಯಾಕೆ ಹುಚ್ಚಾಸ್ಪತ್ರೆ ಓದು ಓದಕ್ಕೆ ಲಂಡನ್ ಸೀಮೆಗೆ ಹೋಗ್ತಾರೆ?" ಎಂದು ವಳ್ಳಿ ತಾಯಿ ತಂಗಮ್ಮಾಳನ್ನು ಕೇಳಿದಳು.

ವಳ್ಳಿ ಹುಟ್ಟಿದಾಗ ಮೊದಲು ಎತ್ತಿಕೊಂಡವಳೇ ಕಮಲಮ್ಮಾಳ್. ತಂಗಮ್ಮಾಳಿಗೆ ನಾದಿನಿ, ಬೋಡಿ ಊರಿನ ಆಸ್ಪತ್ರೆಯಲ್ಲಿ ನರ್ಸು, ಮೂರು ವರ್ಷದ ಪೇಚಿಯ ತಾಯಿ, ವಿಧವೆ. ೧೯೬೫ರ ತೈ ತಿಂಗಳಲ್ಲಿ, ಸಂಕ್ರಾಂತಿಯ ಹೊತ್ತಿಗೆ, ಲಂಡನ್ನಿನಿಂದ ಗೆಳತಿಯ ಕಾಗದ ಬಂತು. ಹೆರಿಗೆ ಮಾಡಿಸುವ ಓದು ಅಲ್ಲಿ ಒಂದೇ ವರ್ಷ, ಮುಗಿಸಿ ಊರಿಗೆ ಮರಳಬೇಕು. ಮನೋರೋಗಿಗಳ ಶುಶ್ರೂಷೆಯ ಓದು ಮೂರು ವರ್ಷ. ಆದರೆ ಅದಕ್ಕೆ ಅಲ್ಲಿ ಜನ ಸಾಲದು, ಕೆಲಸ ಸಿಕ್ಕೇ ಸಿಗುತ್ತದೆ, ಅಲ್ಲೇ ನೆಲೆಸಿ ಆಮೇಲೆ ಮಗಳನ್ನೂ ಕರೆಸಿಕೊಳ್ಳಬಹುದು. ಅಲ್ಲಿಯವರೆಗೆ ಪೇಚಿ ತಂಗಮ್ಮಾಳ ಬಳಿ ಇರಬೇಕು.

ಕಮಲಮ್ಮಾಳ್ ದೇವರ ಅಪ್ಪಣೆ ಕೇಳಲು ಮನೆದೇವರ ಮುಂದೆ ಎರಡು ಪೊಟ್ಟಣಗಳಲ್ಲಿ ಹೂ ಕಟ್ಟಿಟ್ಟಳು. ಬಿಳಿ ಹೂ ಬಂದರೆ ಹೆರಿಗೆ, ಕೆಂಪು ಬಂದರೆ ಹುಚ್ಚಾಸ್ಪತ್ರೆ. ಪೇಚಿ ಎತ್ತಿದ ಪೊಟ್ಟಣದಲ್ಲಿ ಕೆಂಪು ಕಣಗಿಲೆಯಿತ್ತು. "ಸಾಮಿ ಹೇಳ್ಬಿಡ್ತು" ಎಂದು ಎಲ್ಲರೂ ಕೈ ಮುಗಿದರು.

ಮರುದಿನ ದೇವರ ಮುಂದೆ ಗುಡಿಸುವಾಗ ತಂಗಮ್ಮಾಳ್ ಉಳಿದ ಪೊಟ್ಟಣವನ್ನೂ ಬಿಚ್ಚಿದಳು. ಅದರಲ್ಲೂ ಕೆಂಪು ಕಣಗಿಲೆಯೇ!

"ಏನಡಿ ಇದು? ಸಾಮಿಗೇ ಟೋಪಿ ಹಾಕಿದ್ಯಾ?"

"ಹಾಕ್ದೆ ಅತ್ತಿಗೆ." ಕಮಲಮ್ಮಾಳ್ ಮಗಳ ಮೋಟು ಜಡೆ ಹೆಣೆಯುತ್ತಲೇ ಇದ್ದಳು. "ಬಿಟ್ಟೋದಳು ಅಂತ ನಾಳೆ ಇವಳು ಬಯ್ಯೋದಾದ್ರೆ ಸಾಮಿನ ಬಯ್ಯಲಿ. ನನ್ನ ಬೇಡ."

ಗದರಲು ಬಂದಿದ್ದ ತಂಗಮ್ಮಾಳ್ ಅಲ್ಲೇ ಕುಳಿತುಬಿಟ್ಟಳು. ಜಡೆ ಮುಗಿದ ಮೇಲೂ ಕಮಲಮ್ಮಾಳ್ ಅದನ್ನು ಬಿಚ್ಚಿ ಮತ್ತೆ ಹೆಣೆಯತೊಡಗಿದಳು.

"ಒಂದು ಉಪಕಾರ ಮಾಡು ಅತ್ತಿಗೆ" ಎಂದಳು, ತಲೆಯೆತ್ತದೆ. "ನಾ ಹೋದ್ಮೇಲೆ ಇವಳು ನಿನ್ನ ಅವ್ವಾ ಅಂತ ಕೂಗಿದ್ರೆ, ಅಲ್ಲ ಅನ್ಬೇಡ. ಓ ಅನ್ನು."