ಹನ್ನೊಂದು ಒಂದುಗಳು

ಹುಕ್ಕೇರಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುವ ಸುಂದರಾಬಾಯಿ ಇನ್ನೊಬ್ಬರ ಪಾಲಿನ ಕೆಲಸಕ್ಕೆ ಬೆರಳು ಸೋಕಿಸದ ಹೆಂಗಸು. ಅರ್ಧಕ್ಕೆ ಕೈಬಿಟ್ಟವರನ್ನು ಕ್ಷಮಿಸಿದ್ದೂ ಇಲ್ಲ. ಜ್ವರ ಬಂದ ಗೆಳತಿಯ ಲೆಕ್ಕ ಮಾಡಿಕೊಡಲು ಹೊರಟ ಹುಡುಗಿಗೆ, "ಅಕೀದು ಅಕೀನ ಮಾಡಲಿ. ನೀ ನಿನ್ನ ಪಾಟಿ ನೋಡ್ಕೊ," ಎಂದಿದ್ದಳು.

ಆಕೆಯ ಗಂಡ ಭರತೇಶ ಮೂಡಲಗಿಯಲ್ಲಿ ಮಾಸ್ತರನಾಗಿದ್ದ, ಆಗ ಸಂಸಾರ ಅಲ್ಲೇ ಇತ್ತು. ಮದುವೆಯಾದ ವರ್ಷ, ೧೯೨೦ರಲ್ಲಿ, ಗಂಡಹೆಂಡತಿ ಒಂದು ಸಂಖ್ಯೆಯ ಬೆನ್ನು ಹತ್ತಿದರು. ಹನ್ನೊಂದು ಒಂದುಗಳನ್ನು ಸಾಲಾಗಿ ಬರೆದರೆ ಸಾವಿರದ ನೂರಹನ್ನೊಂದು ಕೋಟಿಗೂ ಮೇಲಾಗುತ್ತದೆ. ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆ ಇದೆಯೇ, ಇಲ್ಲ ಅದು ಅವಿಭಾಜ್ಯವೇ? ಏಳು ಒಂದುಗಳ ಸಂಖ್ಯೆ ೨೩೯ಕ್ಕೆ ಸೋತಿತ್ತು. ಇದು ಅಂಥ ಸಣ್ಣ ಸಂಖ್ಯೆಗಳಿಗೆ ಜಗ್ಗಲಿಲ್ಲ. ಅದರ ವರ್ಗಮೂಲದವರೆಗಿನ, ಅಂದರೆ ಒಂದು ಲಕ್ಷ ಐದೂವರೆ ಸಾವಿರದೊಳಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕಿತ್ತು. ಪಾಲು ಹಂಚಿಕೊಂಡರು: ಮೂರು, ಏಳರಲ್ಲಿ ಮುಗಿಯುವವು ಆಕೆಗೆ, ಒಂದು, ಒಂಬತ್ತರಲ್ಲಿ ಮುಗಿಯುವವು ಆತನಿಗೆ. ಸಂಜೆ ಎದುರುಬದುರು ಮಣೆ ಹಾಕಿಕೊಂಡು ಕೂರುತ್ತಿದ್ದರು.

ಮರುವರ್ಷ ಭರತೇಶ ಜೈನ ಮುನಿದೀಕ್ಷೆಗೆ ಹೊರಟು ಹೆಂಡತಿಯ ಒಪ್ಪಿಗೆ ಕೇಳಿದ.

"ಲೆಕ್ಕಾ?" ಎಂದಳು.

"ಅದೂ ಮೋಹನ ಅಲ್ಲೇನು?"

"ಹಂಗಾರ ಹೋಗ್ರಿ."

ಆತನ ಲೆಕ್ಕದ ವಹಿ ೪೦೯ಕ್ಕೆ ನಿಂತಿತ್ತು. ಆಕೆ ತನ್ನ ಪಾಲನ್ನು ಹದಿನಾರು ವರ್ಷಗಳಲ್ಲಿ ಮುಗಿಸಿದಳು. ಪ್ರತಿಯೊಂದಕ್ಕೂ ಶೇಷ ಉಳಿಯಿತು. ಸಂಖ್ಯೆ ಒಡೆಯುವುದಿದ್ದರೆ ಇನ್ನು ಆತನ ಪಾಲಿನಲ್ಲೇ ಒಡೆಯಬೇಕು. ಆಕೆ ಆ ವಹಿಯ ಧೂಳು ಒರೆಸುತ್ತಿದ್ದಳು, ತೆರೆಯುತ್ತಿರಲಿಲ್ಲ. ಎದುರಿಗೆ ಇನ್ನೊಂದು ಮಣೆ ಹಾಕುವ ರೂಢಿ ಮಾತ್ರ ಹೋಗಲಿಲ್ಲ.

೧೯೩೮ರಲ್ಲಿ ಭರತೇಶ ಮುನಿಯಾಗಿ ಹುಕ್ಕೇರಿಗೆ ಬಂದ. ಮುನಿಗಳು ಉಣ್ಣುವುದು ದಿನಕ್ಕೊಮ್ಮೆ. ಅದೂ ಯಾರಿಗೂ ಹೇಳದೆ ಮನಸ್ಸಿನಲ್ಲಿ ಹಿಡಿದ ಕುರುಹು ಯಾವ ಬಾಗಿಲಲ್ಲಿ ಕಂಡರೆ ಅಲ್ಲಿ ಮಾತ್ರ. ಮೂರು ದಿನ ಕುರುಹು ಸಿಗದೆ ಈ ಮುನಿಗಳು ಉಪವಾಸ ಮರಳಿದ್ದರು. ಓಣಿಯವರು ಕಲಶ, ತೆಂಗಿನಕಾಯಿ, ಕಬ್ಬಿನ ಜಲ್ಲೆ ಹಿಡಿದು ನಿಂತದ್ದೆಲ್ಲ ದಂಡವಾಗಿತ್ತು.

"ಬಾಯಾರ, ನಿಮಗರ ಗೊತ್ತಿರಬೇಕಲ್ರಿ," ಎಂದಳು ನೆರೆಮನೆಯ ಪದ್ಮವ್ವ. "ನಮ್ಮನಿಯವರ ಮನಸಿನ್ಯಾಗಿಂದ ಆದ್ರ ಈಗ ಹೇಳತೇನಿ. ಹೋಳಗಿ ಬಿಟ್ರ ಅಲ್ಲೇನೂ ಇರಾಂಗಿಲ್ಲ."

"ಸ್ವಾಮಿಗೋಳ ಮನಸು ನನಗ್ಯಾಕ ಗೊತ್ತಿರತೈತಿ?"

ನಾಲ್ಕನೆಯ ದಿನ ಸುಂದರಾಬಾಯಿ ಮಡಿಯುಟ್ಟು ಅಡಿಗೆ ಮಾಡಿದಳು. ಪಾಟಿಯ ಮೇಲೆ ಹನ್ನೊಂದು ಒಂದುಗಳನ್ನು ಬರೆದು, ಅದನ್ನು ಎರಡೂ ಕೈಯಲ್ಲಿ ಹಿಡಿದು ಹೊಸ್ತಿಲಲ್ಲಿ ನಿಂತಳು.

ಮುನಿಗಳು ಬಂದರು. ಪಕ್ಕೆಲುಬು ಎಣಿಸಬಹುದಿತ್ತು. "ನಮೋಸ್ತು," ಎಂದಳು. ಅವರ ಕಣ್ಣು ಪಾಟಿಯ ಮೇಲೆ ಬಿತ್ತು. ಹೆಜ್ಜೆ ನಿಲ್ಲಲಿಲ್ಲ. ಮೂರು ಮನೆಯಾಚೆ, ಬಾಳೆಗೊನೆ ಹಿಡಿದ ದಂಪತಿಗಳ ಮುಂದೆ ನಿಂತರು.

"ಅಯ್ಯ ನಮ್ಮವ್ವ, ಬಾಳಿಹಣ್ಣ!" ಪದ್ಮವ್ವ ಹಣೆ ಬಡಿದುಕೊಂಡಳು. "ನಮ್ಮ ಹಿತ್ತಲದಾಗ ಕೊಳ್ಯಾಕತ್ತಾವಲ್ರಿ!"

ಸುಂದರಾಬಾಯಿ ಒಳಗೆ ಹೋಗಿ ಮಣೆಯ ಮೇಲೆ ಕುಳಿತಳು. ಗಂಡನ ವಹಿಯನ್ನು ತೆರೆದು, ೪೦೯ರ ಕೆಳಗೆ ೪೧೯ ಎಂದು ಬರೆದು, ಭಾಗಿಸತೊಡಗಿದಳು.