ಕೆರೆಗೆ ಉಸಿರು ಕಟ್ಟಿದ ದಿನ

ಮೊನ್ನೆ ಗಂಜಾಂನಲ್ಲಿ ನಿಮಿಷಾಂಬ ಗುಡಿಯ ಮೆಟ್ಟಿಲಿನ ಮೇಲೆ ನನ್ನ ಹೆಂಡತಿ ಕಡಲೆಪುರಿಯ ಪೊಟ್ಟಣವೊಂದನ್ನು ಕೈಗಿತ್ತು, "ತಗಳಿ, ಮೀನಿಗಾಕಿ" ಎಂದಳು. ನೆನೆದ ಪುರಿಯ ವಾಸನೆ ಹೊಳೆಯ ವಾಸನೆಯೊಡನೆ ಬೆರೆತು ಮೂಗಿಗೆ ಬಂತು. ಕೆಳಗೆ ಮೀನುಗಳು ಬಾಯಿ ತೆರೆದು ಕಾದಿದ್ದವು. ನನಗೆ ಕೈ ಏಳಲಿಲ್ಲ. ನಮ್ಮೂರ ಕೆರೆ ನೆನಪಾಯಿತು, ಪಕ್ಕದ ಮನೆಯ ಅಣ್ಣ ನೆನಪಾದ...

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಪಂಪು, ಎಂಜಿನ್ನು ರಿಪೇರಿ ಮಾಡಿಯೇ ಮನೆ ಕಟ್ಟಿದವನು. ಯಾರ ಮುಂದೆಯೂ ಕೈ ಚಾಚಿದವನಲ್ಲ. ಅಣ್ಣ ನನಗಿಂತ ಹಿರಿಯ. ಮಂಗಳೂರು ಕಡೆಯ ಮೀನಿನ ದೋಣಿಗಳಲ್ಲಿ ದುಡಿದು ಊರಿಗೆ ಮರಳಿದ್ದ. ಊರ ಸಂಘದವರು ಕೆರೆಯಲ್ಲಿ ಮೀನು ಸಾಕುತ್ತಿದ್ದರು, ನೋಡಿಕೊಳ್ಳುವ ಹೊಣೆ ಅವನದು. ಸಂಜೆ ನನ್ನ ಅಂಗಡಿಯ ಮುಂದೆ ಬೀಡಿ ಹಚ್ಚಿ ಕೂತು ಕಡಲಿನ ಮಾತು ತೆಗೆಯುತ್ತಿದ್ದ. ನೀರು ಪರೀಕ್ಷೆ ಮಾಡುವವರು ಅವನು ದುಡಿಯುತ್ತಿದ್ದ ದೋಣಿಯನ್ನು ಬಾಡಿಗೆಗೆ ಹಿಡಿದು, ಕಡಲ ಆಳದಿಂದ ನೀರೆತ್ತಿ ಬಾಟಲಿಗೆ ತುಂಬಿಕೊಳ್ಳುತ್ತಿದ್ದರಂತೆ. ಅವರ ಬಾಯಿಂದ ಕೇಳಿದ್ದನ್ನು ನನಗೆ ಹೇಳುತ್ತಿದ್ದ.

"ಕಡಲೂ ಉಸಿರಾಡ್ತದೆ ಕಣ್ಲಾ. ನೀರು ತಣ್ಣಗಿದ್ದು ಗಾಳಿ ಬೀಸ್ತು ಅಂದ್ರೆ ಒಳಕ್ಕೆ ಎಳ್ಕತದೆ. ಬಿಸಿಯಾಯ್ತು ಅಂದ್ರೆ ಆಚೆಗೆ ಬುಡ್ತದೆ. ಒಂದ್ ಕಾಲ ಇದ್ದಂಗೆ ಇನ್ನೊಂದ್ ಕಾಲ ಇರಕಿಲ್ಲ."

"ನಿನ್ ಬೀಡಿ ಹೊಗೆನೂ ಎಳ್ಕಂಡಿರ್ಬೇಕು ಬುಡಣ್ಣೋ" ಎಂದು ನಾನು ರೇಗಿಸುತ್ತಿದ್ದೆ. ಅವನು ನಗುತ್ತಿದ್ದ. ಮಳೆಗಾಲ ಕಳೆಯುವಾಗ ಉಸಿರಿಲ್ಲದ ಅಡಿನೀರು ಮೇಲೆದ್ದು, ಮೀನುಗಳು ಹೆದರಿ ದಡಕ್ಕೆ ನುಗ್ಗುವುದನ್ನು ಕಣ್ಣಾರೆ ಕಂಡಿದ್ದ. ವರ್ಷ ಕಳೆದಂತೆ ಕಡಲು ಬಿಸಿಯಾಗುತ್ತಿದೆ, ಉಸಿರು ಗಿಡ್ಡವಾಗುತ್ತಿದೆ ಎನ್ನುತ್ತಿದ್ದ...

ಒಂದು ಭಾದ್ರಪದದಲ್ಲಿ ದಿನಗಟ್ಟಲೆ ಮೋಡ ಕವಿದಿತ್ತು. ಬಿಸಿಲಿಲ್ಲ, ಎಲೆ ಅಲುಗುವಷ್ಟು ಗಾಳಿಯೂ ಇಲ್ಲ. ಬೆಳಿಗ್ಗೆ ನೋಡಿದರೆ ಕೆರೆಯ ಮೀನೆಲ್ಲ ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಊರವರಿಗೆ ಗಂಜಾಂ ನೆನಪಾಯಿತು: ಬಾಯಿ ತೆರೆದ ಮೀನೆಂದರೆ ಹಸಿದ ಮೀನು. ಹೆಂಗಸರು ಪುರಿ ಚೆಲ್ಲಿದರು. ಸಂಘದ ಯಜಮಾನರು ತೌಡು, ಹಿಂಡಿಯ ಮೂಟೆಗಳನ್ನೇ ಸುರಿಸಿದರು.

ಅಣ್ಣ ನೀರಿಗಿಳಿದು ಅಂಗಲಾಚಿದ. "ಸುರೀಬ್ಯಾಡಿ. ಅವು ಅನ್ನ ಕೇಳ್ತಿಲ್ಲ, ಉಸಿರು ಕೇಳ್ತಾವೆ. ಆಕಿದ್ದು ಕೊಳೆತ್ರೆ ಇರೋ ಉಸಿರೂ ಹೋಯ್ತದೆ. ನಾಳೀಕೆ ಎಲ್ಲ ಸತ್ತೋಯ್ತವೆ."

ಕೆರೆಯ ನೀರನ್ನೇ ಎತ್ತಿ ಮೇಲಿಂದ ಚಿಮ್ಮಿಸಿದರೆ ಅದು ಗಾಳಿ ಹಿಡಿಯುತ್ತದೆ ಎಂದು ಅವನು ಹೇಳಿದ್ದಕ್ಕೆ ನಾನು ಡೀಸೆಲ್ ಪಂಪು ತಂದೆ. ಯಜಮಾನರು ನಕ್ಕರು.

"ಹೊಟ್ಟೆಗಿಲ್ದೆ ಬಾಯ್ಬುಡ್ತಾವೆ, ಇವ್ನು ಗಾಳಿ ಕುಡುಸ್ತಾನಂತೆ. ಅದ್ಕೆ ಎಂಜಿನ್ ಬೇರೆ ಕೇಡು. ಎತ್ಕಂಡ್ ನಡೀಲಾ."

ಪೈಪನ್ನು ಕಿತ್ತು ದಡಕ್ಕೆ ಎಸೆದರು.

ಮಾರನೆಯ ಬೆಳಿಗ್ಗೆ ಕೆರೆ ಬೆಳ್ಳಗಿತ್ತು. ಮೀನೆಲ್ಲ ಹೊಟ್ಟೆ ಮೇಲಾಗಿದ್ದವು. ಅಣ್ಣ ಒಂದು ಸತ್ತ ಮೀನನ್ನು ತೊಡೆಯ ಮೇಲಿಟ್ಟುಕೊಂಡು ಅದರ ಕಿವಿರು ಬಿಡಿಸಿ ನೋಡುತ್ತ ಕೂತಿದ್ದ. ಅವನು ಹೇಳಿದಂತೆಯೇ ಆಗಿತ್ತು. ಅದೇ ಅವನಿಗೆ ಮುಳುವಾಯಿತು.

"ಸಾಯ್ತವೆ ಅಂತ ಮುಂಚೇನೇ ಇವ್ನಿಗೆಂಗ್ ಗೊತ್ತಾಯ್ತು? ಇವ್ನೇ ಏನೋ ಬೆರೆಸವ್ನೆ" ಎಂದರು ಯಜಮಾನರು. ಊರು ಹೂಂಗುಟ್ಟಿತು. ನಾನು ಕೂಗಾಡಿದೆ. "ಸ್ಕೂಲ್ ಬುಟ್ಟೋನು, ನಿಂಗೇನ್ಲಾ ಗೊತ್ತು" ಎಂದು ಬಾಯಿ ಮುಚ್ಚಿಸಿದರು. ಆ ಮಾತು ಇವತ್ತಿಗೂ ಒಳಗೆ ಮುರಿದುಕೊಂಡ ಮುಳ್ಳು.

ಕೆರೆಗೆ ವಿಷ ಹಾಕಿದವನು ಎಂಬ ಹೆಸರು ಹೊತ್ತು ಅಣ್ಣ ಊರು ಬಿಟ್ಟ. ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿಗೆ ಬಿಡಲು ನಾನೊಬ್ಬನೇ ಹೋದೆ. "ಕಡಲಿಗೇ ಹೋಯ್ತೀನಿ ಕಣ್ಲಾ. ಅಲ್ಲಿ ಉಸಿರು ಕಟ್ಟುದ್ರೆ ಓಡೋಕೆ ಜಾಗ ಆದ್ರೂ ಅದೆ" ಎಂದ. ಮತ್ತೆ ಬರಲಿಲ್ಲ. ಅಲ್ಲೇ ತೀರಿಕೊಂಡನೆಂದು ಯಾರೋ ಹೇಳಿದರು...

ಈಗ ನಮ್ಮ ಕೆರೆಯಲ್ಲಿ ಕರೆಂಟಿನ ಚಕ್ರಗಳು ತಿರುಗಿ ನೀರು ಚಿಮ್ಮಿಸುತ್ತವೆ. "ನೀರಿಗೂ ಉಸಿರು ಬೇಕು ಕಣ್ರಪ್ಪ" ಎಂದು ಅದೇ ಯಜಮಾನರು ಬಂದವರಿಗೆಲ್ಲ ಪಾಠ ಹೇಳುತ್ತಾರೆ. ಚಕ್ರ ಕೆಟ್ಟರೆ ನನಗೇ ಕರೆ. ಮೀನಿನ ಮುಖ ನೋಡಿ ಹೋಗುತ್ತೇನೆ. ಅವರ ಮನೆಯ ಕಾಫಿ ಮುಟ್ಟುವುದಿಲ್ಲ. ಊರ ಹುಡುಗರಿಗೆ ಇವತ್ತಿಗೂ ಗೊತ್ತಿರುವುದು ಒಂದೇ ಕತೆ: "ಆಗ ಯಾವನೋ ಕೆರೆಗೆ ವಿಷ ಆಕಿದ್ನಂತೆ."

ಗಂಜಾಂನಲ್ಲಿ ಪುರಿಯನ್ನು ಕೊನೆಗೆ ಹೆಂಡತಿಯೇ ಹಾಕಿದಳು. ಮೀನುಗಳು ಒಂದರ ಮೇಲೊಂದು ಬಿದ್ದು, ಒಂದು ಕಾಳೂ ಉಳಿಯದಂತೆ ತಿಂದವು. ಅಂದು ನಮ್ಮ ಕೆರೆಯಲ್ಲಿ ಪುರಿ ಹಾಗೇ ತೇಲುತ್ತಿತ್ತು, ಒಂದು ಮೀನೂ ಮುಟ್ಟಿರಲಿಲ್ಲ. ಊರಿಗೆ ಊರೇ ದಡದಲ್ಲಿ ನಿಂತಿತ್ತು. ಅದನ್ನು ಕಂಡವನು ಒಬ್ಬನೇ. ಅವನೀಗ ಇಲ್ಲ.